ಹಳೇ ಫೋನು, ಹೊಸ ಪ್ಯಾಚು: ಬ್ರೌಸರ್ ಎಂಜಿನ್ ಯಾರ ಕೈಯಲ್ಲಿರಬೇಕು?

ನಮ್ಮಲ್ಲಿ ಐಫೋನ್ ಕೊಂಡು ಅದರಲ್ಲಿ ಕ್ರೋಮ್ ಹಾಕಿಕೊಂಡವರು ಓಡಿಸುತ್ತಿರುವುದು ಸಫಾರಿಯ ಎಂಜಿನ್ನನ್ನೇ. ಫೈರ್‌ಫಾಕ್ಸ್ ಹಾಕಿದರೂ ಅಷ್ಟೇ, ಎಡ್ಜ್ ಹಾಕಿದರೂ ಅಷ್ಟೇ. ಮೇಲಿನ ಬಟನ್ನು, ಬುಕ್‌ಮಾರ್ಕು, ಪಾಸ್‌ವರ್ಡ್ ಉಳಿಸುವ ಏರ್ಪಾಡು ಆಯಾ ಕಂಪನಿಯದು. ಪುಟದ ಕೋಡ್ ಓದಿ ಪರದೆಯ ಮೇಲೆ ಮೂಡಿಸುವ ಒಳಭಾಗ ಮಾತ್ರ ಆ್ಯಪಲ್‌ನ ವೆಬ್‌ಕಿಟ್. ಬೇರೆ ಎಂಜಿನ್ ಇಟ್ಟುಕೊಂಡು ಬಂದ ಬ್ರೌಸರಿಗೆ ಇಲ್ಲಿನ ಆ್ಯಪ್ ಸ್ಟೋರ್‌ನಲ್ಲಿ ಜಾಗವಿಲ್ಲ. ಯಾಕೆ ಅಂದರೆ ಆ್ಯಪಲ್ ಮುಖ್ಯವಾಗಿ ಹೇಳುವುದು ಒಂದೇ ಕಾರಣ: ಸುರಕ್ಷತೆ.

ಇದನ್ನು ಎಲ್ಲ ದೇಶಗಳೂ ಒಪ್ಪಿಲ್ಲ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್‌ನಿಂದಾಗಿ 2024ರ ಮಾರ್ಚ್‌ನಲ್ಲಿ, ಐಫೋನಿನ ಆಪರೇಟಿಂಗ್ ಸಿಸ್ಟಂ ಐಒಎಸ್ 17.4ರ ಜೊತೆ, ಆ್ಯಪಲ್ ಅಲ್ಲಿನ ಬಳಕೆದಾರರಿಗೆ ಮಾತ್ರ ಬೇರೆ ಎಂಜಿನ್‌ಗಳಿಗೆ ದಾರಿ ಬಿಟ್ಟಿತು. ಜಪಾನಿನ ಸ್ಮಾರ್ಟ್‌ಫೋನ್ ಕಾನೂನು 2025ರ ಡಿಸೆಂಬರ್ 18ರಿಂದ ಪೂರ್ತಿ ಜಾರಿಯಾಯಿತು. ಅಲ್ಲೂ ಈಗ ಬಾಗಿಲು ತೆರೆದಿದೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆ್ಯಪಲ್ ಮತ್ತು ಗೂಗಲ್ ಎರಡನ್ನೂ ಮೊಬೈಲ್ ವಿಚಾರದಲ್ಲಿ ವಿಶೇಷ ನಿಗಾದಡಿ ತಂದಿತು. ಇಂಡಿಯಾದಲ್ಲಿ ಇನ್ನೂ ಹಳೇ ನಿಯಮವೇ ನಡೆಯುತ್ತಿದೆ.

ಕೊಡಗಿನಲ್ಲಿ ಐಫೋನ್ ಇರುವುದು ಕೆಲವು ತೋಟದ ಮಾಲೀಕರ ಬಳಿ, ಹೋಂಸ್ಟೇ ನಡೆಸುವವರ ಬಳಿ, ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳ ಬಳಿ. ಉಳಿದವರದೆಲ್ಲ ಆಂಡ್ರಾಯ್ಡ್. ತೋಟದ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ನೋಡಿದರೆ ಐದಾರು ವರ್ಷ ಹಳೆಯ, ಎರಡು ಜಿಬಿ ರ‍್ಯಾಮಿನ ಫೋನುಗಳೇ ಜಾಸ್ತಿ. ಆದರೆ ಪಹಣಿ ನೋಡುವುದು, ಕಾಫಿ ರೇಟು ನೋಡುವುದು, ಬಸ್ ಟಿಕೆಟ್, ಬ್ಯಾಂಕು, ಎಲ್ಲವೂ ಅದೇ ಫೋನಿನಲ್ಲೇ ನಡೆಯಬೇಕು. ಹಾಗಾಗಿ ಎಂಜಿನ್ ಆಯ್ಕೆಯ ಜಗಳವನ್ನು ನಾನು ಇಲ್ಲಿಂದ ನೋಡುವಾಗ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ. ಎಂಜಿನ್ ಯಾರದು ಅನ್ನುವುದಕ್ಕಿಂತ, ಅದಕ್ಕೆ ಪ್ಯಾಚ್, ಅಂದರೆ ದೋಷ ಮುಚ್ಚುವ ತಿದ್ದುಪಡಿ, ಯಾರು ತಲುಪಿಸುತ್ತಾರೆ, ಎಷ್ಟು ವರ್ಷ ತಲುಪಿಸುತ್ತಾರೆ ಅನ್ನುವುದೇ ದೊಡ್ಡದು.

ಮೊಬೈಲ್ ಜಗತ್ತಿನಲ್ಲಿ ಲೆಕ್ಕಕ್ಕಿರುವ ಎಂಜಿನ್‌ಗಳು ಮೂರು. ಆ್ಯಪಲ್‌ನ ವೆಬ್‌ಕಿಟ್, ಗೂಗಲ್‌ನ ಬ್ಲಿಂಕ್, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಗೆಕ್ಕೊ. ಬ್ಲಿಂಕ್ ಕೂಡ 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದದ್ದೇ. ಒಪೆರಾ ತನ್ನ ಪ್ರೆಸ್ಟೊವನ್ನು ಅದೇ ವರ್ಷ ಕೈಬಿಟ್ಟಿತು. ಮೈಕ್ರೋಸಾಫ್ಟ್ 2018ರ ಡಿಸೆಂಬರ್‌ನಲ್ಲಿ ಸ್ವಂತ ಎಂಜಿನ್ ಸಾಕು ಅಂತ ಹೇಳಿ ಗೂಗಲ್‌ನ ಕ್ರೋಮಿಯಂ ಕಡೆ ಬಂತು. ಕ್ರೋಮಿಯಂ ಅಂದರೆ ಕ್ರೋಮ್ ತಯಾರಾಗುವ, ಬ್ಲಿಂಕ್ ಒಳಗೊಂಡ ಮೂಲ ಕೋಡು. ಸ್ಯಾಮ್‌ಸಂಗ್ ಇಂಟರ್‌ನೆಟ್, ಬ್ರೇವ್, ಎಡ್ಜ್, ಒಪೆರಾ ಎಲ್ಲದರ ಒಳಗೂ, ಐಫೋನ್ ಬಿಟ್ಟರೆ, ಈಗ ಬ್ಲಿಂಕೇ ಇದೆ.

ಎಂಜಿನ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ನೀವು ಒಂದು ಲಿಂಕ್ ಒತ್ತಿದಾಗ ಆಗುವುದು ಇದು: ಯಾರೋ ಗೊತ್ತಿಲ್ಲದವರು ಬರೆದ ಪ್ರೋಗ್ರಾಂ ನಿಮ್ಮ ಫೋನಿಗೆ ಬಂದು, ನಿಮ್ಮನ್ನು ಕೇಳದೆ, ಓಡುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ಕೆಲಸ ಎಂಜಿನ್‌ನದು. ಆ ಎಂಜಿನ್ ಲಕ್ಷಾಂತರ ಸಾಲುಗಳ, ಸಿ++ ಭಾಷೆಯ ಕೋಡು. ಕ್ರೋಮಿಯಂ ತಂಡವೇ 2020ರಲ್ಲಿ ಹೇಳಿದ ಲೆಕ್ಕದ ಪ್ರಕಾರ, ಅದರಲ್ಲಿ ಸಿಕ್ಕ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಯನ್ನು ತಪ್ಪಾಗಿ ಬಳಸಿದ್ದರಿಂದ ಆದವು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಗಡಿ ದಾಟಿ ಓದುವುದು, ಇಂಥವು.

ಇದಕ್ಕೆ ಎಂಜಿನ್‌ಗಳ ವೇಗದ ಹಸಿವೂ ಸೇರಿಕೊಳ್ಳುತ್ತದೆ. ಪುಟದ ಜೊತೆ ಬರುವ ಪ್ರೋಗ್ರಾಂಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಬೇಗ ಓಡಬೇಕು ಅಂತ ಎಂಜಿನ್‌ಗಳು 'ಜಿಟ್' ಅನ್ನುವ ಉಪಾಯ ಬಳಸುತ್ತವೆ. ಪುಟ ತೆರೆದಿರುವಾಗಲೇ ಅದರ ಕೋಡನ್ನು ಪ್ರೊಸೆಸರಿನ ಭಾಷೆಗೆ ತಿರುಗಿಸಿ, ಮೆಮೊರಿಯಲ್ಲಿ ಬರೆದು, ಅಲ್ಲಿಂದಲೇ ಓಡಿಸುವುದು. ಸಾಮಾನ್ಯವಾಗಿ ಫೋನಿನ ಆಪರೇಟಿಂಗ್ ಸಿಸ್ಟಂ ಇದನ್ನು ಇಷ್ಟಪಡುವುದಿಲ್ಲ. ಮೆಮೊರಿಯ ಒಂದು ಭಾಗದಲ್ಲಿ ಬರೆಯಬಹುದು ಅಥವಾ ಅಲ್ಲಿಂದ ಕೋಡ್ ಓಡಿಸಬಹುದು, ಎರಡೂ ಬೇಡ ಅನ್ನುತ್ತದೆ. ಜಿಟ್‌ಗೆ ಈ ನಿಯಮದಿಂದ ವಿನಾಯಿತಿ ಬೇಕು. ಹ್ಯಾಕರಿಗೂ ಬೇಕಾಗಿರುವುದು ಅದೇ. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಭಾಗದಲ್ಲಿ 2019ರ ನಂತರ ಸಿಕ್ಕ ದೋಷಗಳಲ್ಲಿ ಸುಮಾರು 45% ಜಿಟ್‌ಗೆ ಸಂಬಂಧಿಸಿದವು ಅಂತ ಮೈಕ್ರೋಸಾಫ್ಟ್‌ನ ಎಡ್ಜ್ ತಂಡ 2021ರಲ್ಲಿ ಹೇಳಿತು. ಜಿಟ್ ಆಫ್ ಮಾಡಿ ಪ್ರಯೋಗವನ್ನೂ ಮಾಡಿತು. ವೇಗ ಅಳೆಯುವ ಟೆಸ್ಟುಗಳಲ್ಲಿ ಅಂಕ ಬಿತ್ತು, ಆದರೆ ದಿನನಿತ್ಯ ಬಳಸುವವರಿಗೆ ಅಷ್ಟಾಗಿ ಗೊತ್ತಾಗಲಿಲ್ಲವಂತೆ. ಅದು ಕಂಪ್ಯೂಟರಿನ ಮಾತು. ಲೈನ್ ಮನೆಯ ಎರಡು ಜಿಬಿ ಫೋನಿನಲ್ಲಿ ಜಿಟ್ ಇಲ್ಲದೆ ಒಂದು ಸರ್ಕಾರಿ ಪೋರ್ಟಲ್ ತೆರೆದರೆ ಖಂಡಿತ ಗೊತ್ತಾಗುತ್ತದೆ. ಆ್ಯಪಲ್ 2022ರಲ್ಲಿ ತಂದ ಲಾಕ್‌ಡೌನ್ ಮೋಡ್ ಕೂಡ ಜಿಟ್ಟನ್ನು ಆಫ್ ಮಾಡುತ್ತದೆ. ಪತ್ರಕರ್ತರು, ಹೋರಾಟಗಾರರಂಥ ಕೆಲವರಿಗಾಗಿ ಮಾಡಿದ್ದದು.

ಆ್ಯಪಲ್‌ನ ವಾದ ನಿಂತಿರುವುದು ಇಲ್ಲಿ. ಈ ವಿನಾಯಿತಿಯನ್ನು ಕಂಡಕಂಡ ಆ್ಯಪ್‌ಗೆ ಕೊಟ್ಟರೆ ಅಪಾಯ, ನಮ್ಮ ವೆಬ್‌ಕಿಟ್‌ಗೆ ಮಾತ್ರ ಇರಲಿ, ದೋಷ ಸಿಕ್ಕರೆ ಒಂದೇ ಅಪ್‌ಡೇಟಿನಲ್ಲಿ ಎಲ್ಲ ಆ್ಯಪ್‌ಗಳೂ ಸರಿಹೋಗುತ್ತವೆ ಅನ್ನುತ್ತದೆ. ಇದು ಪೂರ್ತಿ ನೆಪವಲ್ಲ. ಎಂಜಿನ್ ಬರೆಯುವುದು ಕಷ್ಟ, ಅದನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬರುವುದು ಇನ್ನೂ ಕಷ್ಟ. ಹಳೇ ಕ್ರೋಮಿಯಂ ಕೋಡನ್ನು ತಂದು ಹೆಸರು ಬದಲಿಸಿ ಬಿಟ್ಟು ಆಮೇಲೆ ಮರೆತುಬಿಡುವ ಬ್ರೌಸರುಗಳು ಪ್ಲೇ ಸ್ಟೋರಿನಲ್ಲಿ ಬೇಕಾದಷ್ಟಿವೆ.

ಆದರೆ ವಾದದ ಇನ್ನೊಂದು ಅರ್ಧ ನಿಲ್ಲುವುದಿಲ್ಲ. ವೆಬ್‌ಕಿಟ್ ಒಂದೇ ಇದ್ದ ಮಾತ್ರಕ್ಕೆ ಐಫೋನ್ ಒಡೆಯಲಾಗದ ಕೋಟೆ ಆಗಲಿಲ್ಲ. 2016ರಲ್ಲಿ ಮೊದಲ ಬಾರಿ ಸಾರ್ವಜನಿಕವಾಗಿ ಸಿಕ್ಕಿಬಿದ್ದ, ಪೆಗಾಸಸ್ ಅನ್ನುವ ಬೇಹುಗಾರಿಕೆ ಸಾಫ್ಟ್‌ವೇರಿನ ದಾಳಿಯ ಮೊದಲ ಮೆಟ್ಟಿಲು ವೆಬ್‌ಕಿಟ್ ದೋಷವೇ. ಎಸ್ಸೆಮ್ಮೆಸ್‌ನಲ್ಲಿ ಒಂದು ಲಿಂಕ್, ಒತ್ತಿದರೆ ಮುಗೀತು. 2019ರ ಆಗಸ್ಟ್‌ನಲ್ಲಿ ಗೂಗಲ್‌ನ ಭದ್ರತಾ ದೋಷ ಹುಡುಕುವ ಪ್ರಾಜೆಕ್ಟ್ ಝೀರೊ ತಂಡ ಬಯಲಿಗೆಳೆದ ಪ್ರಕರಣದಲ್ಲಿ 14 ದೋಷಗಳನ್ನು ಪೋಣಿಸಿ ಐಫೋನ್‌ಗಳನ್ನು ಒಡೆಯಲಾಗಿತ್ತು. ಅದರಲ್ಲಿ 7 ಬ್ರೌಸರಿನವು. ಅಲ್ಲಿ ಲಿಂಕ್ ಕಳಿಸುವ ಕೆಲಸವೂ ಇರಲಿಲ್ಲ, ಆ ಸೈಟಿಗೆ ಹೋದವರೆಲ್ಲ ಗುರಿ. ಎಲ್ಲರೂ ಒಂದೇ ಎಂಜಿನ್ ಬಳಸುವಾಗ ಒಂದು ದೋಷ ಎಲ್ಲರಿಗೂ ತಟ್ಟುತ್ತದೆ, ಬೇರೆ ಬ್ರೌಸರಿಗೆ ಓಡಿಹೋಗುವ ದಾರಿಯೂ ಇಲ್ಲ.

ಇನ್ನು ಪ್ಯಾಚ್ ತಲುಪಿಸುವ ವಿಷಯ. ಐಫೋನ್‌ನಲ್ಲಿ ವೆಬ್‌ಕಿಟ್ ಇರುವುದು ಐಒಎಸ್ ಒಳಗೆ. ಎಂಜಿನ್‌ನ ಒಂದು ಸಣ್ಣ ತೂತು ಮುಚ್ಚಲು ಸಾಮಾನ್ಯವಾಗಿ ಇಡೀ ಫೋನಿನ ಅಪ್‌ಡೇಟ್ ಬೇಕು. ನೂರಾರು ಎಂಬಿ, ಎಷ್ಟೋ ಸಲ ಜಿಬಿ ಲೆಕ್ಕ, ಜೊತೆಗೆ ರೀಸ್ಟಾರ್ಟ್. ಜುಲೈ ಮಳೆಯಲ್ಲಿ ಭಾಗಮಂಡಲದ ಕಡೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು ಕೂತವರಿಗೆ ಇದು ಎಷ್ಟು ದಿನ ತಡವಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಒಂದು ಆ್ಯಪ್ ಇದ್ದ ಹಾಗೆ ಪ್ಲೇ ಸ್ಟೋರಿನಿಂದ ಬರುತ್ತದೆ. 2023ರ ಆಗಸ್ಟ್‌ನಿಂದ ಅದರ ಭದ್ರತಾ ಪ್ಯಾಚು ವಾರಕ್ಕೊಮ್ಮೆ ಬರುತ್ತಿದೆ.

ವಾರಕ್ಕೊಮ್ಮೆ ಅನ್ನುವ ಈ ಲೆಕ್ಕಕ್ಕೂ ಒಂದು ಕಾರಣವಿದೆ. ಕ್ರೋಮಿಯಂನ ಮೂಲ ಕೋಡು ಎಲ್ಲರಿಗೂ ಕಾಣುತ್ತದೆ. ದೋಷ ಸರಿಪಡಿಸಿದ ಕೂಡಲೇ ಆ ತಿದ್ದುಪಡಿಯೂ ಕಾಣುತ್ತದೆ. ಅದನ್ನು ಓದಿದ ಕಳ್ಳನಿಗೆ ತೂತು ಎಲ್ಲಿತ್ತು ಅಂತ ತಿಳಿಯುತ್ತದೆ, ನಿಮ್ಮ ಫೋನಿಗೆ ಪ್ಯಾಚು ಇನ್ನೂ ಬಂದಿರುವುದಿಲ್ಲ. ಮೊದಲು ಈ ಅಂತರ ಸರಾಸರಿ 35 ದಿನ ಇತ್ತು, ಎರಡು ವಾರಕ್ಕೊಮ್ಮೆ ಅಪ್‌ಡೇಟ್ ಬಿಟ್ಟಾಗ 15ಕ್ಕೆ ಇಳಿಯಿತು, ಇನ್ನೂ ಇಳಿಸಲು ವಾರಕ್ಕೊಮ್ಮೆ ಮಾಡಿದರು. ವೈಫೈ ಇದ್ದಾಗ ಮಾತ್ರ ಅಪ್‌ಡೇಟ್ ಆಗಲಿ ಅಂತ ಸೆಟ್ ಮಾಡಿಟ್ಟು, ವೈಫೈಯನ್ನೇ ಕಾಣದ ಫೋನಿಗೆ ಇದರಿಂದ ಏನೂ ಲಾಭವಿಲ್ಲ.

ಆ್ಯಪಲ್‌ಗೂ ಈ ಕೊರತೆ ಗೊತ್ತಿದೆ. ಇಡೀ ಅಪ್‌ಡೇಟ್ ಇಲ್ಲದೆ ಪ್ಯಾಚು ಮಾತ್ರ ಕಳಿಸುವ 'ರ‍್ಯಾಪಿಡ್ ಸೆಕ್ಯುರಿಟಿ ರೆಸ್ಪಾನ್ಸ್' ಅಂತ ಮಾಡಿತು. 2023ರ ಜುಲೈನಲ್ಲಿ ಅಂಥದ್ದೊಂದು ಹೋಯಿತು. ಅದರಲ್ಲಿ ಆವೃತ್ತಿಯ ಹೆಸರಿನ ಕೊನೆಗೆ ಬ್ರ್ಯಾಕೆಟ್‌ನಲ್ಲಿ ಒಂದು ಅಕ್ಷರ ಸೇರಿತ್ತು. ಬ್ರೌಸರ್ ತನ್ನ ಪರಿಚಯ ಹೇಳುವಾಗ ಅದನ್ನೂ ಹೇಳಿತು, ಕೆಲವು ದೊಡ್ಡ ಸೈಟುಗಳಿಗೆ ಅದು ಅರ್ಥವಾಗದೆ ಪುಟ ತೆರೆಯಲೇ ಇಲ್ಲ. ಆ್ಯಪಲ್ ಪ್ಯಾಚನ್ನು ಹಿಂದಕ್ಕೆ ಪಡೆದು ಮತ್ತೆ ಬಿಡಬೇಕಾಯಿತು. ಪ್ಯಾಚು ಬರೆಯುವುದು ಒಂದು ಕೆಲಸ, ಅದು ಕೆಡದೆ ತಲುಪುವುದು ಇನ್ನೊಂದು.

ಕನ್ನಡ ಓದುವವರು ನೆನಪಿಡಬೇಕಾದ ಒಂದು ಪ್ರಸಂಗವೂ ಇದೆ. 2018ರ ಫೆಬ್ರವರಿಯಲ್ಲಿ ಒಂದೇ ಒಂದು ತೆಲುಗು ಒತ್ತಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಬಿದ್ದುಹೋಗುತ್ತಿದ್ದವು. ಐಒಎಸ್ 11.2.6ರಲ್ಲಿ ಸರಿಹೋಯಿತು. ನಮ್ಮ ಲಿಪಿಗಳಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಅಕ್ಷರದ ಆಕಾರ ಬದಲಾಗುತ್ತದಲ್ವಾ, ಆ ಕೆಲಸ ಮಾಡುವ ಕೋಡು ಸಿಕ್ಕಾಪಟ್ಟೆ ಜಟಿಲ. ವೆಬ್ ಪುಟ ತನ್ನದೇ ಫಾಂಟನ್ನೂ ಕಳಿಸಬಹುದು, ಅಂದರೆ ಆ ಕೋಡಿಗೆ ಹೊರಗಿನವರು ತಯಾರಿಸಿದ ಫೈಲು ನೇರ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಕ್ರೋಮ್ ಬಳಸುವ ಫ್ರೀಟೈಪ್ ಅನ್ನುವ ಫಾಂಟ್ ಲೈಬ್ರರಿಯ ದೋಷವನ್ನು ನಿಜವಾಗಿಯೇ ದಾಳಿಗೆ ಬಳಸಿದರು. 2025ರಲ್ಲಿ ಗೂಗಲ್ ಆ ಭಾಗವನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಸ್ಕ್ರಿಫಾದಿಂದ ಬದಲಿಸಿತು. ಮೆಮೊರಿ ತಪ್ಪುಗಳನ್ನು ರಸ್ಟ್ ಭಾಷೆ ಮೊದಲೇ ಹಿಡಿಯುತ್ತದೆ. ನನ್ನ ಮಟ್ಟಿಗೆ ಇತ್ತೀಚಿನ ಒಳ್ಳೇ ಸುದ್ದಿಗಳಲ್ಲಿ ಇದೊಂದು, ಸದ್ದಿಲ್ಲದೆ ಆಗಿಹೋಯಿತು.

ಕಡಿಮೆ ರ‍್ಯಾಮು, ಕಡಿಮೆ ಗೋಡೆ

ಸುರಕ್ಷತೆಗೆ ರ‍್ಯಾಮ್ ಬೇಕು ಅನ್ನುವುದನ್ನು ಫೋನ್ ಮಾರುವವರು ಹೇಳುವುದಿಲ್ಲ. 2018ರ ಜನವರಿಯಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಹೊರಬಿತ್ತು. ಒಂದು ಸೈಟಿನ ಕೋಡು ಅದೇ ಪ್ರೊಸೆಸ್‌ನಲ್ಲಿರುವ ಇನ್ನೊಂದು ಸೈಟಿನ ಮಾಹಿತಿಯನ್ನು ಇಣುಕಿ ನೋಡಬಹುದು ಅಂತಾಯಿತು. ಇದಕ್ಕೆ ಕ್ರೋಮ್ ಕಂಡುಕೊಂಡ ಉತ್ತರ ಸೈಟ್ ಐಸೊಲೇಶನ್. ನಮ್ಮ ಲೈನ್ ಮನೆಗಳ ಹಾಗೆ: ಮಾಡು ಒಂದೇ, ಸಂಸಾರಕ್ಕೊಂದು ಗೋಡೆ. ಒಂದೊಂದು ಸೈಟಿಗೂ ಬೇರೆ ಪ್ರೊಸೆಸ್, ಅಂದರೆ ಮೆಮೊರಿಯಲ್ಲಿ ಅದರದೇ ಪ್ರತ್ಯೇಕ ಜಾಗ.

ಆದರೆ ಪ್ರತಿ ಗೋಡೆಗೂ ಮೆಮೊರಿ ಖರ್ಚಾಗುತ್ತದೆ. ಕಂಪ್ಯೂಟರಿನಲ್ಲಿ 10ರಿಂದ 13% ಜಾಸ್ತಿ ಮೆಮೊರಿ ಹಿಡಿಯಿತು. ಫೋನಿನಲ್ಲಿ ಅಷ್ಟು ಕೊಡುವ ಹಾಗಿರಲಿಲ್ಲ. ಹಾಗಾಗಿ 2019ರಲ್ಲಿ ಆಂಡ್ರಾಯ್ಡ್‌ಗೆ ಬಂದಾಗ ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಸೈಟುಗಳಿಗೆ ಮಾತ್ರ ಗೋಡೆ ಕಟ್ಟಿದರು. ಅದೂ ಎರಡು ಜಿಬಿ ರ‍್ಯಾಮ್ ಇರುವ ಫೋನಿಗೆ ಮಾತ್ರ. ಅದಕ್ಕಿಂತ ಕಡಿಮೆ ಇದ್ದ ಫೋನಿಗೆ ಗೋಡೆಯೇ ಇಲ್ಲ. ಮೋಸದ ಲಿಂಕು ಹೆಚ್ಚಾಗಿ ಬರುವುದು ಯಾರಿಗೆ, ರಕ್ಷಣೆ ಮೊದಲು ಸಿಗುವುದು ಯಾರಿಗೆ ಅಂತ ಯೋಚಿಸಿದರೆ ಸ್ವಲ್ಪ ಬೇಜಾರಾಗುತ್ತದೆ. ಎಂಜಿನಿಯರುಗಳನ್ನು ದೂರಿ ಲಾಭವಿಲ್ಲ. ರ‍್ಯಾಮ್ ತುಂಬಿ ಬ್ರೌಸರೇ ಮುಚ್ಚಿಹೋದರೆ ಜನ ಬ್ರೌಸರ್ ಬದಲಿಸುತ್ತಾರೆ, ಸುರಕ್ಷತೆ ನೋಡಿಕೊಂಡು ಕೂರುವುದಿಲ್ಲ.

ಇನ್ನೊಂದು ಇಂಥದ್ದೇ. 2024ರಲ್ಲಿ ಗಟ್ಟಿಯಾದ ಕ್ರೋಮ್‌ನ 'ವಿ8 ಸ್ಯಾಂಡ್‌ಬಾಕ್ಸ್' ಜಾವಾಸ್ಕ್ರಿಪ್ಟ್ ದೋಷವನ್ನು ಒಂದು ಆವರಣದೊಳಗೇ ಕಟ್ಟಿಹಾಕುತ್ತದೆ. ವಿ8 ಅಂದರೆ ಕ್ರೋಮ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಭಾಗ. ಆದರೆ ಆ ಆವರಣಕ್ಕೆ 64-ಬಿಟ್ ಸಾಫ್ಟ್‌ವೇರಿನಲ್ಲಿ ಮಾತ್ರ ಸಿಗುವಷ್ಟು ಮೆಮೊರಿ ವಿಳಾಸದ ವಿಸ್ತಾರ ಬೇಕು. ರ‍್ಯಾಮ್ ಉಳಿಸಲಿಕ್ಕಾಗಿ 32-ಬಿಟ್ ಸಾಫ್ಟ್‌ವೇರ್ ಹಾಕಿ ಮಾರಿದ ಅಗ್ಗದ ಫೋನುಗಳಿಗೆ ಅದು ಸಿಗುವುದಿಲ್ಲ. 2021ರಲ್ಲಿ ಆಂಡ್ರಾಯ್ಡ್‌ಗೆ 64-ಬಿಟ್ ಕ್ರೋಮ್ ಬಂದಾಗ ಆರಂಭದಲ್ಲಿ 8 ಜಿಬಿ ರ‍್ಯಾಮ್ ಬೇಕು ಅಂದಿದ್ದರು.

ಅಪ್‌ಡೇಟ್ ನಿಂತ ಫೋನು

ಪಕ್ಕದ ತೋಟದ ಮೇಸ್ತ್ರಿಯೊಬ್ಬರು ಫೋನ್ ಹಿಡಿದುಕೊಂಡು ಬಂದಿದ್ದರು. "ಅಣ್ಣಾ, ಬ್ಯಾಂಕಿನ ಆ್ಯಪು ಬಿಳಿ ಪರದೆ ತೋರಿಸಿ ನಿಂತುಬಿಡ್ತದೆ, ಸ್ವಲ್ಪ ನೋಡಿ." ಆಂಡ್ರಾಯ್ಡ್ 9. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದೆ. 'ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ' ಅನ್ನುವುದು ಡಿಸೇಬಲ್ ಆಗಿತ್ತು. ಅಂಗಡಿಯಲ್ಲಿ ಇದನ್ನೇ ಎನೇಬಲ್ ಮಾಡಿಕೊಡಿ ಅಂತ ಹೇಳಿ ಕಳಿಸಿದ್ದರಂತೆ, ಬಟನ್ ಒತ್ತಿದರೂ ಆಗುತ್ತಿಲ್ಲ. ಆಗುವುದೂ ಇಲ್ಲ. ಆಂಡ್ರಾಯ್ಡ್ 7, 8, 9ರಲ್ಲಿ ಬೇರೆ ಆ್ಯಪ್‌ಗಳ ಒಳಗೆ ಪುಟ ತೋರಿಸುವ ಕೆಲಸವನ್ನೂ ಕ್ರೋಮೇ ಮಾಡುತ್ತದೆ, ವೆಬ್‌ವ್ಯೂ ಸುಮ್ನೆ ಮಲಗಿರುತ್ತದೆ. ಕ್ರೋಮ್ ನೋಡಿದರೆ ಆವೃತ್ತಿ 138. ಪ್ಲೇ ಸ್ಟೋರಿನಲ್ಲಿ ಅಪ್‌ಡೇಟ್ ಬಟನ್ನೇ ಇಲ್ಲ.

138ಕ್ಕೆ ನಿಂತಿರುವುದು ಆ ಫೋನಿನ ದೋಷವಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ 139ರಿಂದ ಆಂಡ್ರಾಯ್ಡ್ 10 ಇರಲೇಬೇಕು. 8 ಮತ್ತು 9ರ ಫೋನುಗಳಿಗೆ 138ವೇ ಕೊನೆ. ಅಂದಿನಿಂದ ಸಿಗುತ್ತಿರುವ ಒಂದೊಂದು ದೋಷವೂ ಆ ಫೋನುಗಳಲ್ಲಿ ಹಾಗೇ ಉಳಿಯುತ್ತದೆ, ಜೊತೆಗೆ ಆ ದೋಷ ಎಲ್ಲಿದೆ ಅನ್ನುವುದು ಲೋಕಕ್ಕೆಲ್ಲ ಗೊತ್ತಿರುತ್ತದೆ.

ಎಂಜಿನ್ ಆಯ್ಕೆಯ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ. ಆ ಫೋನಿಗೆ ಫೈರ್‌ಫಾಕ್ಸ್ ಹಾಕಿಕೊಟ್ಟೆ. ಅದರ ಗೆಕ್ಕೊಗೆ ಆಂಡ್ರಾಯ್ಡ್ 8 ಇದ್ದರೂ ಸಾಕು. ಹೊಸ ಎಂಜಿನ್, ಹೊಸ ಪ್ಯಾಚು, ಹಳೇ ಫೋನು. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹಾಕಿದರೆ ಜಾಹೀರಾತಿನ ಮೂಲಕ ಬರುವ ಮೋಸವೂ ಕಡಿಮೆ, ಡೇಟಾವೂ ಉಳಿಯುತ್ತದೆ. ಇದನ್ನೇ ಐಫೋನ್ 7ರ ಮೇಲೆ ಮಾಡಲು ಹೋಗಿ. ಅದು ಐಒಎಸ್ 15ಕ್ಕೆ ನಿಂತಿದೆ. ಯಾವ ಬ್ರೌಸರ್ ಹಾಕಿದರೂ ಒಳಗಿರುವುದು ಐಒಎಸ್ 15ರ ವೆಬ್‌ಕಿಟ್ಟೇ. ಆ್ಯಪಲ್ ಹಳೇ ಐಒಎಸ್‌ಗೂ ಆಗಾಗ ಭದ್ರತಾ ಪ್ಯಾಚು ಕಳಿಸಿದೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಕಳಿಸುವುದೂ ಬಿಡುವುದೂ ಅವರ ಇಷ್ಟ.

ಫೈರ್‌ಫಾಕ್ಸನ್ನು ಹೊಗಳಿ ಸುಮ್ಮನಿರುವ ಹಾಗೂ ಇಲ್ಲ. ಆಂಡ್ರಾಯ್ಡ್‌ನಲ್ಲಿ ಅದರ ಒಳಗೋಡೆಗಳು ಕ್ರೋಮ್‌ನಷ್ಟು ಗಟ್ಟಿಯಾಗಿ ಬಂದಿಲ್ಲ. ಕಂಪ್ಯೂಟರಿಗೆ 2021ರಲ್ಲೇ ಸೈಟ್ ಐಸೊಲೇಶನ್ ಕೊಟ್ಟ ಮೊಜಿಲ್ಲಾ ಮೊಬೈಲಿನಲ್ಲಿ ಬಹಳ ಹಿಂದೆ ಬಿತ್ತು. ಹೊಸ ಫೋನ್ ಇದ್ದವರಿಗೆ ಕೇವಲ ಭದ್ರತೆ ನೋಡಿದರೆ ಕ್ರೋಮೇ ಮೇಲು ಅಂತ ಹೇಳಬೇಕಾಗುತ್ತದೆ. ಪ್ಯಾಚು ನಿಂತ ಗಟ್ಟಿ ಎಂಜಿನ್‌ಗಿಂತ ಪ್ಯಾಚು ಬರುವ ಸಾಧಾರಣ ಎಂಜಿನ್ ಲೇಸು, ಅಷ್ಟೇ ನನ್ನ ಲೆಕ್ಕ.

ಮೇಸ್ತ್ರಿಯವರ ಬ್ಯಾಂಕ್ ಆ್ಯಪ್ ಮಾತ್ರ ಸರಿಹೋಗಲಿಲ್ಲ. ಫೈರ್‌ಫಾಕ್ಸ್ ಹಾಕಿದರೆ ಆ ಆ್ಯಪ್ ಒಳಗಿನ ಎಂಜಿನ್ ಬದಲಾಗುವುದಿಲ್ಲ. ಬ್ಯಾಂಕಿನ ಕೆಲಸವನ್ನು ಬ್ರೌಸರಿನಲ್ಲೇ ಮಾಡಿಕೊಳ್ಳಿ ಅಂದೆ. ನಾವು ಬ್ರೌಸರ್ ಅಂತ ಕರೆಯುವುದಕ್ಕಿಂತ ಈ ಒಳ ಎಂಜಿನ್‌ನಲ್ಲಿ ಜನ ಕಳೆಯುವ ಹೊತ್ತು ಕಡಿಮೆಯೇನಲ್ಲ. ಫೇಸ್‌ಬುಕ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಒತ್ತಿದರೆ ಪುಟ ತೆರೆಯುವುದು ಅಲ್ಲೇ ಒಳಗೆ. 2022ರಲ್ಲಿ ಫೆಲಿಕ್ಸ್ ಕ್ರೌಸ್ ಅನ್ನುವ ಸಂಶೋಧಕರು, ಹೀಗೆ ತೆರೆದ ಪುಟಗಳಿಗೆ ಈ ಆ್ಯಪ್‌ಗಳು ತಮ್ಮದೇ ಜಾವಾಸ್ಕ್ರಿಪ್ಟ್ ಸೇರಿಸುವುದನ್ನು ತೋರಿಸಿದರು. ಬಳಕೆದಾರರ ಆಯ್ಕೆಯನ್ನು ಪಾಲಿಸಲಿಕ್ಕೇ ಅದು ಅಂತ ಈ ಆ್ಯಪ್‌ಗಳ ಕಂಪನಿ ಮೆಟಾ ಹೇಳಿತು. ಇರಬಹುದು. ಆದರೂ ಪಾಸ್‌ವರ್ಡ್ ಹಾಕುವ ಪುಟವನ್ನು ಅಲ್ಲಿ ತೆರೆಯಬಾರದು, ಮೂರು ಚುಕ್ಕೆ ಒತ್ತಿ ಬ್ರೌಸರಿಗೆ ಕಳಿಸಿ. ಗೂಗಲ್ ಲಾಗಿನ್ನಂತೂ ಇಂಥ ಒಳ ಕಿಟಕಿಗಳಲ್ಲಿ ಆಗುವುದೇ ಇಲ್ಲ.

ಪ್ಯಾಚು ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೂ ಹಳೆಯ ಉದಾಹರಣೆ ಜಿಯೋಫೋನ್. 2017ರಲ್ಲಿ ಬಂದ ಆ ಬಟನ್ ಫೋನಿನ ಆಪರೇಟಿಂಗ್ ಸಿಸ್ಟಂ ಕೈಒಎಸ್ ಒಳಗಿದ್ದದ್ದು ಗೆಕ್ಕೊ 48, ಅಂದರೆ 2016ರ ಎಂಜಿನ್. ವೆಬ್ ಮುಂದೆ ಹೋಯಿತು, ಅದು ಅಲ್ಲೇ ಉಳಿಯಿತು. ಒಪೆರಾ ಮಿನಿಯದು ಇನ್ನೊಂದು ದಾರಿ. ಅದರ ಹೆಚ್ಚು ಉಳಿತಾಯದ ಮೋಡ್‌ನಲ್ಲಿ ಪುಟ ತಯಾರಾಗುವುದೇ ಒಪೆರಾದ ಸರ್ವರಿನಲ್ಲಿ, ಫೋನಿಗೆ ಬರುವುದು ಕುಗ್ಗಿಸಿದ ರೂಪ. ಕಾಡಂಚಿನ ಒಂದು ಕಡ್ಡಿ ಸಿಗ್ನಲ್‌ನಲ್ಲೂ ತೆರೆಯುತ್ತದೆ, ಫೋನಿನ ಮೇಲೆ ದಾಳಿ ಮಾಡುವುದೂ ಕಷ್ಟ. ಆದರೆ ನೀವು ಏನು ನೋಡುತ್ತೀರಿ ಅನ್ನುವುದು ನಡುವಿನ ಸರ್ವರಿಗೆ ಕಾಣುತ್ತದೆ. ಕಾಫಿ ರೇಟು ನೋಡಲು ಪರವಾಗಿಲ್ಲ, ಬ್ಯಾಂಕಿಗೆ ಬೇಡ.

ಕೇಳಬೇಕಾದದ್ದು ಏನು

ಯುರೋಪಿನಲ್ಲಿ ಬಾಗಿಲು ತೆರೆದ ಮೇಲೂ 2025ರ ಮಧ್ಯದವರೆಗೆ ಯಾವ ದೊಡ್ಡ ಬ್ರೌಸರೂ ಸ್ವಂತ ಎಂಜಿನ್ ಇಟ್ಟುಕೊಂಡು ಐಫೋನಿಗೆ ಬರಲಿಲ್ಲ. ಆ್ಯಪಲ್ ಹಾಕಿದ ಷರತ್ತುಗಳಲ್ಲಿ ಕೆಲವು ಸರಿಯಾಗಿಯೇ ಇವೆ. ವೆಬ್ ಪರೀಕ್ಷೆಗಳಲ್ಲಿ 90%, ಜಾವಾಸ್ಕ್ರಿಪ್ಟ್ ಪರೀಕ್ಷೆಯಲ್ಲಿ 80% ಪಾಸಾಗಬೇಕು, ದೋಷಗಳನ್ನು ಬೇಗ ಮುಚ್ಚಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಪ್ರದೇಶಕ್ಕೆ ಅಂತಲೇ ಬೇರೆ ಆ್ಯಪ್ ಮಾಡಬೇಕು ಅಂದರೆ ಮೊಜಿಲ್ಲಾದಂಥ ಸಂಸ್ಥೆಗೆ ಎರಡೆರಡು ಬ್ರೌಸರ್ ಸಾಕುವ ಕೆಲಸ.

ಎಲ್ಲ ಕಡೆ ಬಾಗಿಲು ತೆರೆದರೆ ಲಾಭ ಯಾರಿಗೆ ಅನ್ನುವ ಭಯವೂ ನ್ಯಾಯವಾದದ್ದೇ. ಬ್ಲಿಂಕ್ ಐಫೋನನ್ನೂ ನುಂಗಿ, ಲೋಕದಲ್ಲಿ ಒಂದೇ ಎಂಜಿನ್ ಉಳಿಯಬಹುದು. ಒಂದೇ ಕೋಡನ್ನು ಎಲ್ಲರೂ ಹಂಚಿಕೊಂಡರೆ ಏನಾಗುತ್ತದೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಕಂಡೆವು. ಚಿತ್ರ ತೋರಿಸುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಒಂದು ದೋಷ, ಕ್ರೋಮ್, ಫೈರ್‌ಫಾಕ್ಸ್, ಇನ್ನೂ ಅನೇಕ ಆ್ಯಪ್‌ಗಳು ಒಟ್ಟಿಗೇ ಪ್ಯಾಚ್ ಮಾಡಬೇಕಾಯಿತು. ಮೊಜಿಲ್ಲಾದ ಆದಾಯದ ಬಹುಪಾಲು ಗೂಗಲ್ ಕೊಡುವ ಸರ್ಚ್ ಹಣದಿಂದಲೇ ಬರುತ್ತದೆ ಅನ್ನುವುದನ್ನೂ ಇಲ್ಲಿ ಸೇರಿಸಿಕೊಳ್ಳಿ. ನಮ್ಮ ಕಚೇರಿಗಳ ಪೋರ್ಟಲ್‌ಗಳು ಕ್ರೋಮ್‌ನಲ್ಲೇ ತೆರೆಯಿರಿ ಅಂತ ಬರೆದುಕೊಂಡು ಒಂದೇ ಎಂಜಿನ್ ಉಳಿಯುವ ಆ ದಾರಿಯನ್ನೇ ಸಲೀಸು ಮಾಡುತ್ತಿವೆ.

ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಚಾರದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಅದರ ಗಮನವೆಲ್ಲ ಮೊದಲೇ ಹಾಕಿ ಕೊಡುವ ಆ್ಯಪ್‌ಗಳು ಮತ್ತು ಸರ್ಚ್ ಮೇಲೆ. 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂತು. ಎಂಜಿನ್ ಆಯ್ಕೆಯನ್ನು ಅದರಡಿ ಕೇಳುವುದು ಒಳ್ಳೆಯದೇ. ಆದರೆ ನಾನು ಮೊದಲು ಕೇಳುವುದು ಇನ್ನೊಂದನ್ನು. ಯುರೋಪಿನಲ್ಲಿ 2025ರ ಜೂನ್ 20ರಿಂದ ಒಂದು ಮಾದರಿಯ ಫೋನಿನ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು ಅನ್ನುವ ನಿಯಮ ಬಂದಿದೆ. ಇಲ್ಲಿ ಏಳೆಂಟು ಸಾವಿರದ ಫೋನಿನ ಡಬ್ಬದ ಮೇಲೆ ಕ್ಯಾಮೆರಾದ ಮೆಗಾಪಿಕ್ಸೆಲ್ ದಪ್ಪಕ್ಷರದಲ್ಲಿರುತ್ತದೆ, ಅಪ್‌ಡೇಟ್ ಯಾವ ವರ್ಷದವರೆಗೆ ಅನ್ನುವುದು ಹುಡುಕಿದರೂ ಸಿಗುವುದಿಲ್ಲ. ಅದು ಡಬ್ಬದ ಮೇಲೆ ಬರಬೇಕು.

ಸದ್ಯಕ್ಕೆ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಆಂಡ್ರಾಯ್ಡ್ 10ಕ್ಕಿಂತ ಕೆಳಗಿನದನ್ನು ಕೊಳ್ಳಬೇಡಿ, ಆಗುವುದಾದರೆ ಇನ್ನೂ ಮೇಲಿನದನ್ನೇ ನೋಡಿ, ರ‍್ಯಾಮ್ ನಾಲ್ಕು ಜಿಬಿಯಾದರೂ ಇರಲಿ. ಅಂಗಡಿಯಲ್ಲೇ ಪ್ಲೇ ಸ್ಟೋರ್ ತೆರೆದು ಕ್ರೋಮ್ ಅಪ್‌ಡೇಟ್ ಆಗುತ್ತದಾ ಅಂತ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ.